ರೊಟ್ಟಿ ಬಡಿಯುತ್ತ ಕಲಿತ ಗಡಿಯ ಇಂಗ್ಲಿಷು

ಮೊನ್ನೆ ಮಧ್ಯಾಹ್ನ ದಹಿಸರ್‌ನಲ್ಲಿ ಲೋಕಲ್ ಹತ್ತಿ ಲೇಡೀಸ್ ಡಬ್ಬಿಯಲ್ಲಿ ಕೂತಿದ್ದೆ. ಎದುರು ಸೀಟಿನ ಹುಡುಗಿಯ ಮೊಬೈಲಿನಲ್ಲಿ ಇಂಗ್ಲಿಷ್ ವಾರ್ತೆ ಜೋರಾಗಿ ಓಡುತ್ತಿತ್ತು. ಗಡಿಯಲ್ಲಿ ಮತ್ತೆ ಏನೋ ಗದ್ದಲ. ವಾರ್ತೆ ಓದುವವಳು ‘ಎಸ್ಕಲೇಶನ್’ ಅಂದಳು. ಅಷ್ಟೇ, ನನ್ನ ಬಲಗೈ ನನ್ನನ್ನು ಕೇಳದೆ ಮಡಿಲಲ್ಲಿದ್ದ ಚೀಲವನ್ನು ಬಡಿಯಲು ಶುರುಮಾಡಿತು. ಇ, ಎಸ್, ಸಿ, ಎ, ಎಲ್... ಒಂದು ಅಕ್ಷರಕ್ಕೆ ಒಂದು ಪೆಟ್ಟು. ಜೊತೆಗೆ ಎಡಗೈ ಚೀಲವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿತ್ತು. ಪಕ್ಕದ ಹೆಂಗಸು ನನ್ನ ಕೈ ನೋಡಿದಳು, ಮುಖ ನೋಡಿದಳು, ಮೆಲ್ಲಗೆ ಆಚೆ ಸರಿದು ಕೂತಳು. ತಲೆ ಕೆಟ್ಟವಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಈ ಶಬ್ದ ಕಲಿತ ವರ್ಷ ಇಡೀ ಚಾಳೇ ಹಾಗೆ ಅಂದುಕೊಂಡಿತ್ತು, ನಾನೇನೂ ಸವೆದುಹೋಗಲಿಲ್ಲ.

ನಾನು ರೊಟ್ಟಿ ಮಾಡುವವಳು. ಬಾಗಲಕೋಟೆ ಕಡೆಯವಳು, ಮದುವೆಯಾಗಿ ದಹಿಸರ್‌ಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಗಂಡ ಶಿವಪ್ಪ ಸೆಂಟ್ರಿಂಗ್ ಕೆಲಸದವರು. ಕಂಡವರ ಬಿಲ್ಡಿಂಗುಗಳಿಗೆಲ್ಲ ಸ್ಲ್ಯಾಬ್ ಹಾಕಲು ಹಲಗೆ ಹೊಡೆಯುತ್ತಾರೆ, ನಾವಿರುವುದು ಮಾತ್ರ ಚಾಳಿನ ಒಂದು ಖೋಲಿಯಲ್ಲಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಜೋಳದ ರೊಟ್ಟಿ ಬಡಿಯುತ್ತೇನೆ. ಮೆತ್ತನೆಯವು ಆವತ್ತೇ ಖಾನಾವಳಿಗಳಿಗೆ ಹೋಗುತ್ತವೆ. ಖಡಕ್ ರೊಟ್ಟಿಗಳನ್ನು ಒಣಗಿಸಿ, ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಇಡುತ್ತೇನೆ. ಆ ಸುತ್ತುವ ಪೇಪರಿನಿಂದಲೇ ಇದೆಲ್ಲ ಶುರುವಾದದ್ದು.

ಪೇಪರ್ ಕೊಡುತ್ತಿದ್ದವರು ಪಕ್ಕದ ಖೋಲಿಯ ಸಂಜೀವಣ್ಣ. ಉಡುಪಿ ಕಡೆಯವರು. ಪರೇಲಿನ ಒಂದು ಹೋಟೆಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಗಲ್ಲಾದಲ್ಲಿ ಕೂತಿದ್ದವರು. ಮೊದಲು ಮಿಲ್ಲಿನವರು ಬರುತ್ತಿದ್ದರಂತೆ, ಮಿಲ್ಲು ಹೋಗಿ ಆಫೀಸುಗಳು ಎದ್ದ ಮೇಲೆ ಟೈ ಕಟ್ಟಿದವರು. ಆ ಟೈ ಕಟ್ಟಿದವರು ಟೇಬಲ್ಲಿನ ಮೇಲೆ ಬಿಟ್ಟುಹೋದ ಪೇಪರುಗಳಿಂದಲೇ ಸಂಜೀವಣ್ಣ ಇಂಗ್ಲಿಷ್ ಕಲಿತರು. ಕೆಲಸ ಬಿಟ್ಟ ಮೇಲೂ ಇಂಗ್ಲಿಷ್ ಪೇಪರ್ ತರಿಸುವುದನ್ನು ಬಿಡಲಿಲ್ಲ. ಓದಿ ಮುಗಿಸಿ, ಇಸ್ತ್ರಿ ಮಾಡಿದ ಪಂಚೆಯ ಹಾಗೆ ಮಡಚಿ ನನಗೆ ಕೊಡುತ್ತಿದ್ದರು.

ಕೆಲವು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಗಡಿಯಲ್ಲಿ ಎರಡೂ ಕಡೆಯ ಸೈನ್ಯ ಎದುರುಬದುರು ನಿಂತಿತ್ತು. ನಮ್ಮ ಚಾಳಿನ ಗಣಪತಿ ಮಂಡಳದ ಕೋಣೆಯಲ್ಲಿ ಒಂದು ದೊಡ್ಡ ಟೀವಿ ಇದೆ. ಸಂಜೆಯಾದರೆ ಸೆಕೆಗೆ ಬೆವರುತ್ತ ಎಲ್ಲರೂ ಅಲ್ಲೇ. ಟೀವಿಯವರಿಗಿಂತ ನಮ್ಮವರದೇ ಜೋರು. "ಏಕ್ ಇಂಚ್ ಭೀ ನಹೀ ದೇಂಗೇ!" ಒಂದಿಂಚೂ ಬಿಟ್ಟುಕೊಡುವುದಿಲ್ಲ! ಕುರ್ಚಿಯಿಂದ ಎದ್ದು ಮುಷ್ಟಿ ಎತ್ತಿ ಮೊದಲು ಕೂಗುತ್ತಿದ್ದವರು ಚಾಳು ಕಮಿಟಿಯ ಚೇರ್ಮನ್. ನಾನು ಹಿಂದೆ ನಿಂತು ಟೀವಿಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ನೋಡುತ್ತಿದ್ದೆ. ಏಳನೇ ಇಯತ್ತೆವರೆಗೆ ಕನ್ನಡ ಶಾಲೆ ಓದಿದವಳು. ಎಬಿಸಿಡಿ ಗೊತ್ತು, ಬಸ್ಸಿನ ಬೋರ್ಡು ಓದಬಲ್ಲೆ, ಅಲ್ಲಿಗೆ ಮುಗಿಯಿತು. ಆಗ ಮಗಳು ಅಕ್ಷತಾ ಹತ್ತನೇ ಇಯತ್ತೆ, ಇಂಗ್ಲಿಷ್ ಮೀಡಿಯಂ. ಏನು ಬರೆದಿದ್ದಾರೆ ಹೇಳು ಅಂದೆ.

"ಛೋಡ್ ನಾ ಮಮ್ಮೀ, ನಿಂಗೆ ಸಮಝಲ್ಲ ಅದು" ಅಂದಳು, ಮೊಬೈಲಿನಿಂದ ಕಣ್ಣೆತ್ತದೆ.

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನನಗೆ ಚುಚ್ಚಿತು. ಯಾರಾದರೂ ನಿನಗೆ ಆಗುವುದಿಲ್ಲ ಅಂದರೆ ನನ್ನ ಮೈ ಉರಿಯುತ್ತದೆ, ಹುಟ್ಟುಗುಣ. ಮರುದಿನ ರೊಟ್ಟಿ ಸುತ್ತಲು ಪೇಪರ್ ಬಿಚ್ಚಿದರೆ ಅದೇ ಅಕ್ಷರಗಳು, ನನ್ನ ಹಿಟ್ಟಿನ ಬೆರಳಿಗಿಂತ ದಪ್ಪ ದಪ್ಪಗೆ. ಪೇಪರನ್ನು ಹಿಡಿದುಕೊಂಡು ಪಕ್ಕದ ಬಾಗಿಲಿಗೆ ಹೋದೆ.

"ಅಣ್ಣಾ, ಇದೇನ್ ಬರದಾರ್ರಿ?"

ಸಂಜೀವಣ್ಣ ಕನ್ನಡಕ ಏರಿಸಿದರು. "ಎಸ್ಕಲೇಶನ್. ಜಗಳ ಮೇಲೆ ಮೇಲೆ ಹೋಗುದು. ನಿಮ್ಮ ನಳ್ಳಿಯ ಹತ್ರ ಆಗ್ತದಲ್ಲ ಮಾದೇವಿ, ಮೊದ್ಲು ಬಕೆಟ್ ದೂಡುದು, ಮತ್ತೆ ಬೈಯುದು, ಮತ್ತೆ ಜುಟ್ಟು ಹಿಡಿಯುದು. ಅದೇ."

"ಇಷ್ಟ ಏನ್ರಿ?"

"ಇಷ್ಟೇ ಮಾರಾಯ್ತಿ. ಹೋಟ್ಲಲ್ಲಿ ಕೂತು ನಾನು ನೋಡಿದ್ದು ಉಂಟು. ದೊಡ್ಡ ದೊಡ್ಡ ಶಬ್ದ ಎಲ್ಲ ಸಣ್ಣ ಜಗಳದ್ದೇ."

ಅವತ್ತಿನಿಂದ ಒಪ್ಪಂದವಾಯಿತು. ದಿನಕ್ಕೊಂದು ಶಬ್ದ. ಅವರು ಗಡಿಯ ಸುದ್ದಿಯಲ್ಲಿ ಒಂದು ಶಬ್ದದ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಕೊಡುವುದು, ಅದು ಬಾಯಿಗೆ ಬರುವವರೆಗೆ ಆ ಹಾಳೆಯಲ್ಲಿ ನಾನು ರೊಟ್ಟಿ ಸುತ್ತಬಾರದು. ಕೂತು ಓದಲು ನನಗೆಲ್ಲಿ ಪುರುಸೊತ್ತು? ಹಾಳೆಯನ್ನು ಎದುರಿನ ಗೋಡೆಗೆ ಅಂಟಿಸಿ ರೊಟ್ಟಿ ಬಡಿಯುತ್ತಲೇ ಸ್ಪೆಲ್ಲಿಂಗ್ ಹೇಳತೊಡಗಿದೆ. ಒಂದು ಅಕ್ಷರಕ್ಕೊಂದು ಪೆಟ್ಟು. ನಾಲ್ಕು ಸಲ ಸ್ಪೆಲ್ಲಿಂಗ್ ಹೇಳಿದರೆ ಒಂದು ರೊಟ್ಟಿ ಅಂತ ಲೆಕ್ಕ ಇಟ್ಟುಕೊಂಡೆ. ‘ಸೀಸ್‌ಫೈರ್’ ಅಂದರೆ ಕದನವಿರಾಮ. ಅದರ ರೊಟ್ಟಿ ಚಂದ ಬರುತ್ತಿತ್ತು. ‘ಟಾಕ್ಸ್’ ಅಂದರೆ ಮಾತುಕತೆ. ಅಕ್ಷರ ಕಡಿಮೆ, ರೊಟ್ಟಿ ದಪ್ಪ. ಸೈನ್ಯ ಹಿಂದೆ ಸರಿಯುವುದಕ್ಕೆ ‘ಡಿಸ್‌ಎಂಗೇಜ್‌ಮೆಂಟ್’ ಅನ್ನುತ್ತಾರೆ. ಅದು ನಾಲ್ಕನೇ ಸಲ ಮುಗಿಯುವಷ್ಟರಲ್ಲಿ ರೊಟ್ಟಿಯ ಅಂಚು ಹರಿದು ಕೈಗೆ ಬರುತ್ತಿತ್ತು. ಬೊರಿವಲಿಯ ಖಾನಾವಳಿಯವರು ಒಂದು ದಿನ ಕೇಳಿಯೇಬಿಟ್ಟರು, "ಏನಬೇ ಮಾದೇವಕ್ಕ, ಒಂದಿನ ಗಾದಿ ಹಂಗ ದಪ್ಪ, ಒಂದಿನ ಹಾಳಿ ಹಂಗ ತೆಳ್ಳಗ?" ಗಡಿಯ ಪರಿಸ್ಥಿತಿ ಹಾಗಿದೆ ಅಂದೆ. ಅವರಿಗೆ ಏನೂ ತಿಳಿಯಲಿಲ್ಲ.

ಮಳೆ ಹಿಡಿಯಿತು. ಖಡಕ್ ರೊಟ್ಟಿ ಒಣಗದೆ ಖೋಲಿಯ ತುಂಬ ಹಸಿ ಜೋಳದ ವಾಸನೆ. ಮಾಡಿನ ತಗಡಿನ ಪತ್ರೆಯ ಮೇಲೆ ಹೊದಿಸಿದ ನೀಲಿ ತಾಡಪತ್ರಿ ಪಟಪಟ ಅನ್ನುತ್ತಿತ್ತು, ಕೆಳಗೆ ನಾನೂ ಪಟಪಟ. ಅಷ್ಟರಲ್ಲಿ ನನ್ನ ತಲೆಯಲ್ಲಿ ಐವತ್ತು ಅರವತ್ತು ಶಬ್ದಗಳು ಸೇರಿದ್ದವು, ಎಲ್ಲವೂ ಯುದ್ಧದ್ದು. ಜ್ವರ ಬಂದಿದೆ ಎಂದು ಇಂಗ್ಲಿಷಿನಲ್ಲಿ ಹೇಳಲು ಬರುತ್ತಿರಲಿಲ್ಲ, ಉಭಯ ದೇಶಗಳ ಮಾತುಕತೆ ಮುರಿದುಬಿತ್ತು ಎಂದು ಹೇಳಲು ಬರುತ್ತಿತ್ತು.

ಅಂಥದರಲ್ಲಿ ಅಕ್ಷತಾಳ ಶಾಲೆಯಲ್ಲಿ ಪಾಲಕರ ಮೀಟಿಂಗು. ಗಣಿತದಲ್ಲಿ ಮಾರ್ಕು ಕಡಿಮೆ, ಕ್ಲಾಸಿನಲ್ಲಿ ಗಣಿತದ ಸರ್ ಜೊತೆ ವಾದಿಸುತ್ತಾಳೆ ಎಂದು ಟೀಚರ್ ಹೇಳಿದರು. ನಾನು ನೆಟ್ಟಗೆ ಕೂತು ಇಂಗ್ಲಿಷಿನಲ್ಲೇ ಹೇಳಿದೆ, "ಟೀಚರ್, ಸಿಚುಯೇಶನ್ ಈಸ್ ಟೆನ್ಸ್, ಬಟ್ ಅಂಡರ್ ಕಂಟ್ರೋಲ್. ಐ ರಿಕ್ವೆಸ್ಟ್ ಪೀಸ್ ಟಾಕ್ಸ್." ಟೀಚರ್ ಬಾಯಿಗೆ ಕರ್ಚೀಫು ಒತ್ತಿಕೊಂಡರು. ಹಿಂದಿನ ಬೆಂಚಿನ ತಾಯಂದಿರು ಒತ್ತಿಕೊಳ್ಳಲಿಲ್ಲ, ಬಾಯ್ತುಂಬ ನಕ್ಕರು. ಅಕ್ಷತಾಳ ಮುಖ ಕೆಂಪಾಯಿತು. ಮನೆಗೆ ಬರುವಾಗ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಕೊಡೆ ನನ್ನ ಹತ್ತಿರವೇ ಇತ್ತು, ಆದರೂ ನೆನೆಯುತ್ತ ಹೋದಳು.

ಸುಳ್ಳು ಹೇಳುವುದಿಲ್ಲ, ಆ ದಿನ ಅತ್ತೆ. ನಗುವವರ ಮೇಲೆ ಸಿಟ್ಟಿರಲಿಲ್ಲ. ಮಗಳು ನೆನೆದುಕೊಂಡು ಹೋದದ್ದು ತಡೆಯಲಾಗಲಿಲ್ಲ. ಗೋಡೆಯ ಮೇಲಿನ ಹಾಳೆಯನ್ನು ಕಿತ್ತು ಸಂಜೀವಣ್ಣನವರ ಕೈಗೆ ಕೊಟ್ಟು, ಸಾಕು ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಗಾಡಿದ್ರೆ ನಗಾಡ್ಲಿ. ನೀನು ಹೇಳಿದ್ದು ಟೀಚರಿಗೆ ಅರ್ಥ ಆಯ್ತಾ, ಇಲ್ಲವಾ?"

"ಆತ್ರಿ. ಗಣಿತದ ಸರ್‌ನ ಕರಸಿ ಮಾತಾಡಸ್ತೀನಿ ಅಂದ್ರು."

"ಮತ್ತೆಂತ ಬೇಕು ನಿಂಗೆ?" ಅಂದರು. ಕೆಂಪು ಪೆನ್ಸಿಲ್ ತೆಗೆದು ಅದೇ ಹಾಳೆಯಲ್ಲಿ ಇನ್ನೊಂದು ಗೆರೆ ಎಳೆದರು. ‘ಯುನಿಲ್ಯಾಟರಲಿ’. "ಎರಡು ಪಾರ್ಟಿ ಇರುವಾಗ ಒಬ್ಬನೇ, ಇನ್ನೊಬ್ಬನನ್ನು ಕೇಳದೆ ಮಾಡುದು. ಗೆರೆ ಇಬ್ಬರದ್ದು, ಒಬ್ಬನೇ ಅದನ್ನು ಆಚೆ ಹಾಕುದು." ಆ ಶಬ್ದ ಬಹಳ ದಿನ ಪೇಪರಿನಲ್ಲಿ ಬಂತು, ಬಹಳ ರೊಟ್ಟಿಗಳನ್ನೂ ಹರಿಯಿತು.

ಗಣಪತಿ ಮುಳುಗಿಸಿ ಬಂದ ವಾರದಲ್ಲೇ ಚಾಳಿಗೆ ಬಿಲ್ಡರ್ ಬಂದ. ಹಳೆಯ ಚಾಳು ಕೆಡವಿ ಬಿಲ್ಡಿಂಗ್ ಕಟ್ಟುವುದು, ಎಲ್ಲರಿಗೂ ಒಳಗೇ ಸಂಡಾಸು ಇರುವ ಮನೆ, ಅಲ್ಲಿಯವರೆಗೆ ಬೇರೆ ಕಡೆ ಇರಲು ಬಾಡಿಗೆ. ಚೇರ್ಮನ್ ಹಿಂದಿಯಲ್ಲಿ ಇಷ್ಟನ್ನು ಹೇಳಿ ಮಂಡಳದ ಕೋಣೆಯಲ್ಲಿ ಟೇಬಲ್ ಹಾಕಿಸಿದರು. ಇಪ್ಪತ್ತೆರಡು ಪುಟದ ಇಂಗ್ಲಿಷ್ ಕಾಗದ. ನಮ್ಮ ಚಾಳಿನಲ್ಲಿ ಕಾಗದಕ್ಕೆ ಸಹಿ ಮಾಡುವುದಕ್ಕೊಂದು ಪದ್ಧತಿ ಇತ್ತು. ರೇಷನ್ ಇರಲಿ, ಬ್ಯಾಂಕ್ ಇರಲಿ, ಕಾಗದ ತಂದವನು ಕೊನೆಯ ಪುಟ ತೆರೆದು ಬೆರಳಿಟ್ಟು ತೋರಿಸುತ್ತಾನೆ, ಆ ಬೆರಳಿನ ಕೆಳಗೆ ನಾವು ಸಹಿ ಹಾಕುತ್ತೇವೆ. ಮೊದಲ ಪುಟ ಹೇಗಿರುತ್ತದೆಂದು ನೋಡಿದವರಿಲ್ಲ. ಅವತ್ತೂ ಹಾಗೆಯೇ ಸಾಲು ನಿಂತಿತು. ಪೇಢೆ ಹಂಚಿದರು. ಸಂಜೀವಣ್ಣ ಮೊದಲಲ್ಲೇ ಸಹಿ ಹಾಕಿ ಹೋಗಿದ್ದರು.

ನಮ್ಮ ಖೋಲಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇದೆ. ಶಿವಪ್ಪ ಸಹಿ ಹಾಕಿ ಪೆನ್ನು ನನ್ನ ಕೈಗಿತ್ತರು. ಚೇರ್ಮನ್ ಬೆರಳಿಟ್ಟರು. ನಾನು ಆ ಬೆರಳು ನೋಡಿದೆ, ಅದರಡಿ ಮುಚ್ಚಿಹೋದ ಇಪ್ಪತ್ತೊಂದು ಪುಟ ನೋಡಿದೆ. ಓದಿ ಸಹಿ ಮಾಡುತ್ತೇನೆ ಅಂದೆ.

ಸಾಲಿನಲ್ಲಿ ನಗು ಹಬ್ಬಿತು. "ಭಾಭೀ, ಬಾವೀಸ್ ಪೇಜ್ ಹೈ. ಆಪ್ ಪಢೇಂಗೀ?" ಅಂದರು ಚೇರ್ಮನ್. ಇಪ್ಪತ್ತೆರಡು ಪುಟ, ನೀವು ಓದುತ್ತೀರಾ? ಮನೆಗೆ ಒಯ್ಯಲು ಕಾಪಿ ಇಲ್ಲವಂತೆ, ಆಫೀಸಿನ ಒಂದೇ ಒಂದು ಇದೆಯಂತೆ.

ಅಷ್ಟರಲ್ಲಿ ನನ್ನ ಹಿಂದಿನಿಂದ ಒಂದು ಕೈ ಬಂದು ಕಾಗದದ ಕಟ್ಟನ್ನು ಎಳೆದುಕೊಂಡಿತು. ಅಕ್ಷತಾ. ಮೊದಲ ಪುಟದಿಂದ ಒಂದೊಂದೇ ತಿರುವಿ ಮೊಬೈಲಿನಲ್ಲಿ ಫೋಟೋ ಹೊಡೆಯತೊಡಗಿದಳು. ಬೇಡ ಅನ್ನಲು ಚೇರ್ಮನ್‌ಗೆ ಯಾವ ಕಾರಣವೂ ಹೊಳೆಯಲಿಲ್ಲ. ಇಪ್ಪತ್ತೆರಡೂ ಮುಗಿಸಿ ಕಟ್ಟನ್ನು ಟೇಬಲ್ಲಿಗಿಟ್ಟು ಹೇಳಿದಳು, "ಹಾಂ. ಮೇರೀ ಮಮ್ಮೀ ಪಢೇಗೀ." ನನ್ನಮ್ಮ ಓದುತ್ತಾಳೆ. ಶಾಲೆಯ ಮೀಟಿಂಗಿನ ದಿನದ ಮಳೆ ನನ್ನ ಎದೆಯಲ್ಲಿ ಅವತ್ತು ನಿಂತಿತು.

ನಾಲ್ಕು ದಿನ ಓದಿದೆ. ಅಕ್ಷತಾ ಪ್ರಿಂಟ್ ಹಾಕಿಸಿ ತಂದಳು, ಹಾಳೆಗಳನ್ನು ಗೋಡೆಗೆ ಅಂಟಿಸಿದಳು, ನಾನು ಬಡಿಯುತ್ತ ಓದಿದೆ. ಮುಕ್ಕಾಲು ಪಾಲು ಅರ್ಥವಾಗಲಿಲ್ಲ. ಹದಿನಾಲ್ಕನೇ ಪುಟಕ್ಕೆ ಬಂದಾಗ ಕೈ ನಿಂತಿತು. ಗುರುತಿನವರು ಎದುರು ಸಿಕ್ಕ ಹಾಗೆ ಅಲ್ಲಿ ನನ್ನ ಶಬ್ದಗಳೇ ಇದ್ದವು. ನಾವು ನಮ್ಮ ಎಲ್ಲ ಆಕ್ಷೇಪಗಳನ್ನು ‘ವಿತ್‌ಡ್ರಾ’ ಮಾಡಿದ್ದೇವಂತೆ, ಅಂದರೆ ವಾಪಸ್ ತೆಗೆದುಕೊಂಡಿದ್ದೇವೆ. ಮನೆಯ ಅಳತೆ, ಜಾಗ, ಕಟ್ಟುವ ಅವಧಿ ಇವನ್ನೆಲ್ಲ ಬಿಲ್ಡರ್ ‘ಯುನಿಲ್ಯಾಟರಲಿ’ ಬದಲಾಯಿಸಬಹುದಂತೆ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಹಾಳೆ ಕಿತ್ತುಕೊಂಡು ಸಂಜೀವಣ್ಣನವರಲ್ಲಿಗೆ ಓಡಿದೆ.

ಅವರು ಹಾಳೆಯನ್ನು ನೋಡಲೇ ಇಲ್ಲ.

"ಅಣ್ಣಾ, ನೀವು ಇದನ್ನ ಓದಿರಲಿಲ್ಲೇನ್ರಿ?"

"ಓದಿದ್ದೆ."

"ಓದಿ ಸಹಿ ಹಾಕಿದ್ರಿ?"

ಒಳಗೆ ಹಾಸಿಗೆಯ ಮೇಲೆ ಅವರ ಹೆಂಡತಿ ಗಿರಿಜಕ್ಕ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಸಂಜೀವಣ್ಣ ದನಿ ತಗ್ಗಿಸಿದರು. "ಅವಳ ಕಾಲು ನೋಡ್ತೀಯಲ್ಲ. ಚಾಳಿನ ಆ ಸಂಡಾಸಿನ ಮೆಟ್ಟಿಲು ಹತ್ತಿ ಇಳಿಯುದು ಇನ್ನೆಷ್ಟು ದಿವಸ? ಸಣ್ಣದೋ ದೊಡ್ಡದೋ, ಸಿಕ್ಕಿದ್ದು ಸಿಗ್ಲಿ ಅಂತ ಹಾಕಿದೆ. ನಂಗೆ ಪ್ರಾಯ ಆಯ್ತು ಮಾದೇವಿ."

ನನಗೆ ಅವರ ಮೇಲೆ ಎಂದೂ ಬಾರದ ಸಿಟ್ಟು ಬಂತು. "ದಿನಕ್ಕೊಂದು ಶಬ್ದ ನನಗ ಕಲಿಸಿದ್ರಿ. ಅದ ಶಬ್ದ ಬಂದಾಗ ನೀವ ಬಾಯಿ ಮುಚ್ಚಿದ್ರಿ" ಅಂದೆ. ಆವತ್ತಿನ ಪೇಪರನ್ನು ತೆಗೆದುಕೊಳ್ಳದೆ ಬಂದೆ.

ಮನೆಯಲ್ಲಿ ಶಿವಪ್ಪನವರದು ಇನ್ನೊಂದು. "ಸುಮ್ನ ಸಹಿ ಮಾಡ. ಬಿಲ್ಡರ್ ಮಂದಿ ಹೆಂಗಿರ್ತಾರ ನಾ ದಿನಾ ನೋಡ್ತೀನಿ. ಅವರ ಜೋಡಿ ಜಗಳಾಡಿ ನಾವು ಉಳಿಯೂದಿಲ್ಲ."

"ಅವರ ಬಿಲ್ಡಿಂಗ್ ಎಲ್ಲಾ ನಿಂತದ್ದು ನೀವು ಹೊಡದ ಹಲಗಿ ಮ್ಯಾಲ. ನೀವ್ಯಾಕ ಅಂಜತೀರಿ? ಅವರು ಅಂಜಲಿ" ಅಂದೆ. ಭಾನುವಾರ ಚೇರ್ಮನ್ ಕರೆದ ಮೀಟಿಂಗಿಗೆ ಹೊರಟಾಗ ಶಿವಪ್ಪ ಕೆಲಸದ ಅಂಗಿ ಬಿಟ್ಟು ಬಿಳಿ ಅಂಗಿ ಹಾಕಿಕೊಂಡು ನನ್ನ ಜೊತೆ ಬಂದರು.

ಮಂಡಳದ ಕೋಣೆ ತುಂಬಿತ್ತು. ಎಲ್ಲರ ಸಹಿಯಾಗಿದೆ, ಒಬ್ಬ ಹೆಂಗಸಿನಿಂದ ಕೆಲಸ ನಿಂತಿದೆ ಎಂದು ಚೇರ್ಮನ್ ಶುರುಮಾಡಿದರು. ನಾನು ಎದ್ದು ನಿಂತೆ. ಹದಿನಾಲ್ಕನೇ ಪುಟದ ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಓದಿದೆ, ತೊಡೆಯ ಮೇಲೆ ಕೈ ಬಡಿಯುತ್ತಲೇ. ಆಮೇಲೆ ಅದರ ಅರ್ಥವನ್ನು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಚೇರ್ಮನ್ ಕೈ ಬೀಸಿದರು. ಇದು ಕಾನೂನಿನ ಭಾಷೆ, ಎಲ್ಲ ಕಾಗದದಲ್ಲೂ ಇರುತ್ತದೆ, ನಿಮಗೆ ತಿಳಿಯುವುದಿಲ್ಲ ಅಂದರು.

ಮತ್ತದೇ ಮಾತು. ನಾನು ಟೀವಿಯತ್ತ ಬೆರಳು ಮಾಡಿದೆ.

"ಇದು ಕಾನೂನಿನದಲ್ಲ, ಈ ಟೀವಿಯದು" ಅಂದೆ ಹಿಂದಿಯಲ್ಲೇ. "ಬೇಸಿಗೆಯಲ್ಲಿ ಇದೇ ಕೋಣೆಯಲ್ಲಿ ದಿನಾ ಈ ಶಬ್ದ ಬರುತ್ತಿತ್ತು. ಅವರು ಯುನಿಲ್ಯಾಟರಲಿ ಗೆರೆ ಬದಲಿಸಿದರು ಅಂದಾಗ ನೀವೆಲ್ಲ ಏನು ಕೂಗಿದಿರಿ? ಏಕ್ ಇಂಚ್ ಭೀ ನಹೀ. ಚೇರ್ಮನ್ ಸಾಹೇಬರೇ, ನಿಮ್ಮ ದನಿಯೇ ಎಲ್ಲರಿಗಿಂತ ಜೋರಿತ್ತು. ನಾವು ಕಾಣದ ಗುಡ್ಡದಲ್ಲಿ ಒಂದಿಂಚು ಬಿಡುವುದಿಲ್ಲ ಅಂದಿರಿ. ನಾನು ರೊಟ್ಟಿ ಬಡಿಯುವ ಜಾಗವನ್ನು ಕೊನೆಯ ಪುಟಕ್ಕೆ ಬೆರಳಿಟ್ಟು ಬಿಡಿಸುತ್ತಿದ್ದೀರಿ. ಇದು ನೆಲ ಅಲ್ಲವೇ?"

ಚೇರ್ಮನ್ ಸುತ್ತ ನೋಡಿ ಕೊನೆಗೆ ಸಂಜೀವಣ್ಣನವರ ಕಡೆ ತಿರುಗಿದರು. "ಅಣ್ಣಾ, ಆಪ್ ತೋ ಅಂಗ್ರೇಜೀ ಜಾನ್ತೇ ಹೋ. ಸಮಝಾಯಿಯೇ ಇನ್‌ಕೋ." ನಿಮಗೆ ಇಂಗ್ಲಿಷ್ ಬರುತ್ತದೆ, ಇವರಿಗೆ ತಿಳಿಸಿ ಹೇಳಿ.

ಸಂಜೀವಣ್ಣ ಗೋಡೆ ಹಿಡಿದು ಎದ್ದರು. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಹೇಳಿದರು: ಅವಳು ಸರಿಯಾಗಿ ಓದಿದ್ದಾಳೆ. ನಾನೂ ಓದಿದ್ದೆ, ಓದಿಯೂ ಸಹಿ ಹಾಕಿದೆ, ಅದು ನನ್ನ ತಪ್ಪು. ನನ್ನ ಸಹಿ ವಾಪಸ್ ಕೊಡಿ. ಕೂರುವ ಮೊದಲು ನನ್ನನ್ನು ನೋಡಿ ಕನ್ನಡದಲ್ಲಿ ಅಂದರು, "ಒಂದು ಅಕ್ಷರ ತಪ್ಪಲಿಲ್ಲ ಮಾದೇವಿ."

ಮುಂದೆ ಏನೂ ಪವಾಡ ನಡೆಯಲಿಲ್ಲ. ಆ ಸಾಲು ತೆಗೆಯಬೇಕೆಂದು ಜನ ಪಟ್ಟು ಹಿಡಿದರು, ಬಿಲ್ಡರ್ ಕಡೆಯವನು ನೋಡೋಣ ಎಂದು ಕಟ್ಟು ಎತ್ತಿಕೊಂಡು ಹೋದ, ಮತ್ತೆ ಬರಲಿಲ್ಲ. ಅಂದು ನನ್ನ ಹಿಂದೆ ನಿಂತವರೇ ದೀಪಾವಳಿ ಹೊತ್ತಿಗೆ, ಇವಳಿಂದ ಕೈಗೆ ಬಂದ ಮನೆ ಹೋಯಿತು ಅನ್ನತೊಡಗಿದರು. ಗಿರಿಜಕ್ಕ ಬಹಳ ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಅವರು ಡಬ್ಬಿ ಹಿಡಿದು ಆ ಮೆಟ್ಟಿಲು ಹತ್ತುವುದನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತಿತ್ತು, ಈಗಲೂ ಆಗುತ್ತದೆ. ಆದರೆ ಮಾಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ. ಮಳೆಗಾಲದಲ್ಲಿ ಪತ್ರೆ ಸೋರಿದರೆ ಇಂದಿಗೂ ಯಾರಾದರೂ ನನ್ನ ಬಾಗಿಲ ಮುಂದೆ ನಿಂತು ನಿನ್ನಿಂದಲೇ ಅನ್ನುತ್ತಾರೆ. ಹೌದು, ನನ್ನಿಂದಲೇ ಅನ್ನುತ್ತೇನೆ.

ಮೀಟಿಂಗಿನ ಮರುದಿನ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಮಡಚಿದ ಪೇಪರ್ ಇತ್ತು. ಗಡಿಯ ಸುದ್ದಿಯಲ್ಲಿ ಒಂದು ಶಬ್ದದ ಕೆಳಗೆ ಕೆಂಪು ಗೆರೆ. ‘ರೆಸ್ಯೂಮ್’. ಅರ್ಥ ಕೇಳಲು ಪಕ್ಕದ ಬಾಗಿಲಿಗೆ ಹೋದೆ. "ನಿಂತದ್ದು ಮತ್ತೆ ಶುರು ಆಗುದು" ಅಂದರು ಸಂಜೀವಣ್ಣ. ಹಾಳೆಯನ್ನು ತಂದು ಗೋಡೆಗೆ ಅಂಟಿಸಿದೆ.

ಈಗ ಅವರಿಗೆ ಕಣ್ಣು ಮಂಜು. ಪೇಪರನ್ನು ನಾನೇ ಓದಿ ಹೇಳುತ್ತೇನೆ, ಜ್ವರ ನೆಗಡಿಯ ಇಂಗ್ಲಿಷೂ ಬಂದಿದೆ. ಅಕ್ಷತಾ ಕಾಲೇಜಿಗೆ ಹೋಗುತ್ತಾಳೆ. ಮತ್ತು ಚಾಳಿಗೆ ಈ ವರ್ಷ ಇನ್ನೊಬ್ಬ ಬಿಲ್ಡರ್ ಬಂದಿದ್ದಾನೆ. ಈ ಸಲ ಮಂಡಳದ ಕೋಣೆಯಲ್ಲಿ ಟೇಬಲ್ ಬಿದ್ದಿಲ್ಲ. ಚೇರ್ಮನ್ ಕಾಗದದ ಕಟ್ಟು ಹಿಡಿದು ನಾನು ರೊಟ್ಟಿ ಬಡಿಯುವ ಹೊತ್ತಿಗೆ ನೇರ ನನ್ನ ಬಾಗಿಲಿಗೆ ಬಂದರು. "ಭಾಭೀ, ಪಹಲೇ ಆಪ್ ಪಢ್ ಲೋ." ಮೊದಲು ನೀವು ಓದಿಬಿಡಿ. ಅಭ್ಯಾಸ ಎಲ್ಲಿಗೆ ಹೋಗುತ್ತದೆ, ಕಟ್ಟನ್ನು ಕೊನೆಯ ಪುಟಕ್ಕೇ ತೆರೆದಿದ್ದರು. ನಾನು ಹಿಟ್ಟಿನ ಕೈಯಲ್ಲೇ ಅದನ್ನು ಮೊದಲ ಪುಟಕ್ಕೆ ತಿರುವಿ ಇಸಿದುಕೊಂಡೆ.

ಮೊನ್ನೆ ಲೋಕಲ್‌ನಲ್ಲಿ ನಾನು ಬಡಿಯುತ್ತಿದ್ದ ಚೀಲದಲ್ಲಿ ಇದ್ದದ್ದು ಅದೇ ಕಟ್ಟು. ಬೆಳಿಗ್ಗೆ ಗೋಡೆಗೆ ಅಂಟಿಸಿ ಓದುತ್ತೇನೆ, ಮಧ್ಯಾಹ್ನ ಸಂಜೀವಣ್ಣ ಮತ್ತು ಗಿರಿಜಕ್ಕನಿಗೆ ಓದಿ ಹೇಳುತ್ತೇನೆ, ರೊಟ್ಟಿ ಕೊಡಲು ಹೋಗುವಾಗ ಟ್ರೇನಿನಲ್ಲೂ ಓದುತ್ತೇನೆ. ದಿನಾ ಸಂಜೆ ಚೇರ್ಮನ್ ಬಂದು ಬಾಗಿಲಲ್ಲಿ ನಿಂತು, ಆಯಿತೇ ಎಂದು ಕೇಳುತ್ತಾರೆ. ಜೇಬಿನಲ್ಲಿ ಪೆನ್ನು ಕಾಣುತ್ತಿರುತ್ತದೆ. ಕೂರಿ, ಚಹಾ ಕುಡಿಯಿರಿ ಅನ್ನುತ್ತೇನೆ.

ಇನ್ನೂ ಸಹಿ ಮಾಡಿಲ್ಲ. ಹದಿನಾಲ್ಕನೇ ಪುಟದಲ್ಲಿದ್ದೇನೆ.